ಬಿದನೂರಿನ ಎಳೆಯ ದೊರೆ ಚೆನ್ನಬಸಪ್ಪ ನಾಯಕ ಮತ್ತು ದುರ್ಗಕ್ಕೆ ಬಂದ ಯುವಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರದುರ್ಗದವನು. ಭಾನುವಾರ ಬೆಳಿಗ್ಗೆ ಕೋಟೆ ಹತ್ತುವುದು ನನ್ನ ಹಳೇ ಅಭ್ಯಾಸ. ಊರಿಗೆ ಬಂದ ನೆಂಟರು, ಅವರ ಮಕ್ಕಳು, ದಾವಣಗೆರೆಯ ಗೆಳೆಯರು ಜೊತೆಗೆ ಬರುತ್ತಾರೆ. ಓಬವ್ವನ ಕಿಂಡಿ ಹತ್ತಿರ ನಿಂತರೆ ಎಲ್ಲರೂ ಕೇಳುವುದು ಒಂದೇ: ಹೈದರ್ ಅಲಿಗೂ ದುರ್ಗಕ್ಕೂ ಜಗಳ ಶುರುವಾಗಿದ್ದು ಹೇಗೆ? ಆಗ ನಾನು ಹೇಳುವ ಕಥೆ ದುರ್ಗದಲ್ಲಿ ಶುರುವಾಗುವುದಿಲ್ಲ. ಮಲೆನಾಡಿನ ಬಿದನೂರಿನಲ್ಲಿ, ಒಬ್ಬ ಹುಡುಗ ದೊರೆಯ ಸಾವಿನಿಂದ ಶುರುವಾಗುತ್ತದೆ. ಅದನ್ನು ಕೇಳಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಚೆನ್ನಬಸಪ್ಪ ನಾಯಕ ಯಾರು? ಹೆಸರೇ ಕೇಳಿಲ್ಲವಲ್ಲ?

ಹೌದು, ಜಾಸ್ತಿ ಜನ ಕೇಳಿಲ್ಲ. ಕೆಳದಿ ಮನೆತನ ಎಂದರೆ ನಮಗೆ ಶಿವಪ್ಪ ನಾಯಕ ಗೊತ್ತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ಗೊತ್ತು. ಆ ಮನೆತನದ ಕೊನೆಯ ಅರಸರ ಸಾಲಿನಲ್ಲಿ ಈ ಹುಡುಗ ಬರುತ್ತಾನೆ. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು ಅವರ ರಾಜಧಾನಿಯಾಗಿತ್ತು.

1739ರಿಂದ ಬಿದನೂರನ್ನು ಆಳಿದವನು ಎರಡನೇ ಬಸಪ್ಪ ನಾಯಕ. ಬೂದಿ ಬಸಪ್ಪ ಎಂದೂ ಅವನನ್ನು ಕರೆಯುತ್ತಿದ್ದರು. ಅವನು ಚೆನ್ನಬಸಪ್ಪನನ್ನು ದತ್ತು ತೆಗೆದುಕೊಂಡ. 1754ರ ಹೊತ್ತಿಗೆ ಬಸಪ್ಪ ನಾಯಕ ತೀರಿಕೊಂಡ. ಹದಿಹರೆಯದ ಚೆನ್ನಬಸಪ್ಪ ಪಟ್ಟಕ್ಕೆ ಬಂದ. ಬಸಪ್ಪನ ಹೆಂಡತಿ ವೀರಮ್ಮಾಜಿ ಹುಡುಗನ ಹಿಂದೆ ನಿಂತು ರಾಜ್ಯ ನೋಡಿಕೊಂಡಳು. 1757ರಲ್ಲಿ ಹುಡುಗ ಇಲ್ಲವಾದ. ಮೂರು ವರ್ಷ, ಅಷ್ಟೇ. ವೀರಮ್ಮಾಜಿ ಸೋಮಶೇಖರ ಎಂಬ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ತಾನೇ ಆಡಳಿತ ಮುಂದುವರಿಸಿದಳು.

ಅವನು ಸತ್ತದ್ದು ಹೇಗೆ?

ಜಾಸ್ತಿ ಪ್ರಚಾರವಾಗಿರುವ ಕಥೆ ಹೀಗಿದೆ. ರಾಣಿಗೂ ಆಸ್ಥಾನದ ಒಬ್ಬನಿಗೂ ಸಂಬಂಧವಿತ್ತು. ಬೆಳೆಯುತ್ತಿದ್ದ ಹುಡುಗನಿಗೆ ಅದು ಹಿಡಿಸಲಿಲ್ಲ. ಅವನು ಬಾಯಿಬಿಟ್ಟು ಆಕ್ಷೇಪಿಸಿದ. ರಾಣಿಯ ಕಡೆಯವರು ಒಬ್ಬ ಜಟ್ಟಿಯನ್ನು ಗೊತ್ತು ಮಾಡಿದರು. ಸ್ನಾನದ ಹೊತ್ತಿನಲ್ಲಿ ಮೈ ತಿಕ್ಕುವ ನೆಪದಲ್ಲಿ ಆ ಜಟ್ಟಿ ದೊರೆಯ ಕತ್ತು ತಿರುಚಿದ.

ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸ್ನಾನದ ಮನೆಯಲ್ಲಿ, ಮೈಮೇಲೆ ಎಣ್ಣೆ, ಹಿಂದೆ ನಿಂತವನ ಮೇಲೆ ಪೂರ್ತಿ ನಂಬಿಕೆ. ದೊರೆಯಾದರೂ ಅಲ್ಲಿ ಅವನು ಬರೀ ಒಬ್ಬ ಹುಡುಗ.

ಜಟ್ಟಿ ಅಂದರೆ ಪೈಲ್ವಾನರೇ ಅಲ್ವಾ? ಅವರಿಗೆ ಇದೆಲ್ಲ ಯಾಕೆ?

ಹೌದು, ಕುಸ್ತಿಯನ್ನೇ ಕುಲಕಸುಬು ಮಾಡಿಕೊಂಡವರು. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಮಾಡುವವರು ಇವರೇ. ಮೈಯ ಕೀಲು, ಮೂಳೆ, ನರ ಅವರ ಕೈಗೆ ಚೆನ್ನಾಗಿ ಗೊತ್ತು. ಮೈ ತಿಕ್ಕುವುದು, ಜಾರಿದ ಮೂಳೆ ಕೂರಿಸುವುದು ಅವರಿಗೆ ಬರುತ್ತಿತ್ತು. ಕೂರಿಸಲು ಬಲ್ಲ ಕೈ ತಪ್ಪಿಸಲೂ ಬಲ್ಲದು. ಮೈಸೂರಿನಲ್ಲಿ ಮರಣದಂಡನೆಗೂ ಜಟ್ಟಿಗಳನ್ನು ಬಳಸಿದ್ದುಂಟು. ಹಾಗಾಗಿ ಕೇಳಿದವರಿಗೆ ಈ ಕಥೆ ಅಸಾಧ್ಯ ಅನ್ನಿಸಲಿಲ್ಲ.

ಇದನ್ನೆಲ್ಲ ಬರೆದವರು ಯಾರು? ನಂಬಬಹುದಾ?

ಈ ರೂಪದಲ್ಲಿ ಕಥೆಯನ್ನು ಊರೂರಿಗೆ ಹಬ್ಬಿಸಿದ್ದು ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ. ಅವನು ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ, ಆಗಿದ್ದವನು. ಅವನು ಬರೆದ ಮೈಸೂರು ಇತಿಹಾಸದ ಮೊದಲ ಸಂಪುಟ ಅಚ್ಚಾಗಿದ್ದು 1810ರಲ್ಲಿ. ಲೆಕ್ಕ ಹಾಕಿ: ಹುಡುಗ ಇಲ್ಲವಾಗಿ 53 ವರ್ಷ ಆಗಿತ್ತು. ಮುಂದಿನ ಗೆಜೆಟಿಯರುಗಳು ಅದನ್ನೇ ಮತ್ತೆ ಮತ್ತೆ ಹೇಳಿದವು. ನಮ್ಮ ಕಿವಿಗೆ ಬಿದ್ದಿದ್ದೂ ಅದೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವೀರಮ್ಮಾಜಿಯ ಮೇಲಿನ ಆರೋಪವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಕೆ ಸೋತವಳು. ಸೋತವರ ಕಥೆಯನ್ನು ಗೆದ್ದವರ ಕಡೆಯವರೇ ಹೇಳುತ್ತಾರೆ. ಅದರಲ್ಲೂ ಗಂಡನಿಲ್ಲದ ಹೆಂಗಸು ರಾಜ್ಯ ಆಳಿದರೆ ಜನ ಮೊದಲು ಆಡುವ ಮಾತು ಯಾವುದು? ನಮ್ಮ ಬೀದಿಗಳಲ್ಲಿ ಇವತ್ತಿಗೂ ಅದೇ ತಾನೇ? ಬೇರೆಯವರ ರಾಜ್ಯಕ್ಕೆ ನುಗ್ಗಿದವರಿಗೆ ‘ಕೊಲೆಗಾತಿ ರಾಣಿಯನ್ನು ಇಳಿಸಲು ಬಂದೆವು’ ಎನ್ನುವ ಮಾತು ತುಂಬ ಅನುಕೂಲದ್ದು. ಹುಡುಗ ಎಳೆಯ ವಯಸ್ಸಿನಲ್ಲೇ ಹೋದ ಎನ್ನುವುದು ಖಚಿತ. ಯಾರ ಕೈಯಿಂದ ಎನ್ನುವುದಕ್ಕೆ ನಮ್ಮ ಹತ್ತಿರ ಇರುವುದು ಒಂದು ಆರೋಪ ಮಾತ್ರ.

ದುರ್ಗಕ್ಕೆ ಬಂದ ಯುವಕ ಏನು ಹೇಳಿದ?

‘ನಾನೇ ಚೆನ್ನಬಸಪ್ಪ ನಾಯಕ’ ಎಂದ. ಕೊಲ್ಲಲು ಬಂದ ಜಟ್ಟಿಗೆ ಕನಿಕರ ಹುಟ್ಟಿತು, ಕೊಂದೆ ಎಂದು ಹೇಳಿ ತನ್ನನ್ನು ಉಳಿಸಿದ, ಐದು ವರ್ಷ ಬಚ್ಚಿಟ್ಟು ಸಾಕಿದ ಎಂದ. ಈಗ ನನ್ನ ರಾಜ್ಯ ನನಗೆ ಕೊಡಿಸಿ ಎಂದು ಆಗಿನ ದುರ್ಗದ ದೊರೆ ಮದಕರಿ ನಾಯಕರ ಮೊರೆ ಹೊಕ್ಕ.

ಅವನು ಬೇರೆಲ್ಲೂ ಹೋಗದೆ ದುರ್ಗಕ್ಕೇ ಬಂದಿದ್ದರಲ್ಲಿ ಅರ್ಥವಿದೆ. ಬಿದನೂರಿನ ಮೇಲೆ ಸಿಟ್ಟಿದ್ದ ಮನೆ ಯಾವುದು ಎಂದು ಅವನಿಗೆ, ಅಥವಾ ಅವನನ್ನು ಕಳಿಸಿದವರಿಗೆ, ಚೆನ್ನಾಗಿ ಗೊತ್ತಿತ್ತು.

ದುರ್ಗಕ್ಕೆ ಬಿದನೂರಿನ ಮೇಲೆ ಯಾಕೆ ಸಿಟ್ಟು?

ಇದಕ್ಕೆ ಉತ್ತರ ದಾವಣಗೆರೆ ಜಿಲ್ಲೆಯಲ್ಲಿದೆ. ಮಾಯಕೊಂಡ ಗೊತ್ತಲ್ವಾ? ದಾವಣಗೆರೆಯಿಂದ ಸ್ವಲ್ಪ ದೂರ, ರೈಲ್ವೆ ಸ್ಟೇಷನ್ ಇರುವ ಊರು. ಎಷ್ಟೋ ಜನ ಅದನ್ನು ದಾಟಿ ಹೋಗುತ್ತಾರೆ, ಅಲ್ಲಿ ಏನಾಯಿತು ಎಂದು ಯೋಚಿಸುವುದಿಲ್ಲ.

1748ರಲ್ಲಿ ಅಲ್ಲಿ ದೊಡ್ಡ ಕಾಳಗ ನಡೆಯಿತು. ಒಂದು ಕಡೆ ದುರ್ಗ. ಇನ್ನೊಂದು ಕಡೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು ಎಲ್ಲ ಒಟ್ಟಾಗಿದ್ದವು. ಕರ್ನಾಟಿಕ್ ರಾಜಕಾರಣದ ಚಂದಾ ಸಾಹೇಬ ದುರ್ಗದ ಪರ ಹೋರಾಡಿದ. ಆದರೂ ದುರ್ಗ ಸೋತಿತು. ಆಗಿನ ದೊರೆ, ಹಿಂದಿನ ಮದಕರಿ ನಾಯಕರು, ರಣರಂಗದಲ್ಲೇ ಬಿದ್ದರು. ದೊರೆಯನ್ನೇ ಕಳೆದುಕೊಂಡ ಆ ಗಾಯ 15 ವರ್ಷಕ್ಕೆ ಮಾಯುವಂಥದ್ದಲ್ಲ.

ಅವರ ನಂತರ ಕಸ್ತೂರಿ ರಂಗಪ್ಪ ನಾಯಕರು ಆಳಿದರು. ಅವರಿಗೆ ಮಕ್ಕಳಿರಲಿಲ್ಲ. 1754ರಲ್ಲಿ ಅವರು ತೀರಿಕೊಂಡಾಗ ಜಾನಕಲ್ಲಿನ ಭರಮಪ್ಪ ನಾಯಕರ ಮಗನನ್ನು ತಂದು ಪಟ್ಟ ಕಟ್ಟಿದರು. ಅವರೇ ನಾವೆಲ್ಲ ಪ್ರೀತಿಯಿಂದ ನೆನೆಯುವ ಕೊನೆಯ ಮದಕರಿ ನಾಯಕರು. ಆಗ ಅವರಿಗೂ ಎಳೇ ವಯಸ್ಸು. ಅಂದರೆ ಬಿದನೂರಿನಲ್ಲೂ ದುರ್ಗದಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದೇ ಕಾರಣಕ್ಕೆ, ಬೇರೆ ಮನೆಯಿಂದ ಬಂದ ಹುಡುಗರು ಗದ್ದುಗೆ ಏರಿದರು. ಒಬ್ಬ ಮೂರು ವರ್ಷಕ್ಕೆ ಇಲ್ಲವಾದ. ಇನ್ನೊಬ್ಬರು 25 ವರ್ಷ ಆಳಿದರು. ಮೊರೆಯಿಟ್ಟು ಬಂದವನ ಮಾತು ಕೇಳುವಾಗ ಮದಕರಿ ನಾಯಕರಿಗೆ ತಮ್ಮದೇ ಬಾಲ್ಯ ನೆನಪಾಗಿರಬಹುದು ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಆಧಾರವಿಲ್ಲ, ನನ್ನ ಮನಸ್ಸಿನ ಮಾತು.

ಬರೀ ಕನಿಕರದಿಂದ ರಾಜ್ಯ ನಡೆಯುವುದಿಲ್ಲ ಎನ್ನುವುದೂ ನಿಜ. 1761ರಲ್ಲಿ ಶಿರಾ ಹೈದರನ ಕೈಗೆ ಹೋಗಿತ್ತು. ದುರ್ಗದ ಸೀಮೆಯ ಮಗ್ಗುಲಿಗೇ ಅವನು ಬಂದು ಕೂತಿದ್ದ. ಅವನ ಕುದುರೆ ದಂಡು ದುರ್ಗದ ಹಳ್ಳಿಗಳನ್ನು ಆಗಲೇ ಸೂರೆ ಮಾಡಿತ್ತು, ಕಪ್ಪ ಒಪ್ಪಿಕೊಳ್ಳಬೇಕಾಗಿ ಬಂದಿತ್ತು. ಅಂಥ ಹೊತ್ತಿನಲ್ಲಿ ಆ ದಂಡು ಪಶ್ಚಿಮಕ್ಕೆ ತಿರುಗಿದರೆ ದುರ್ಗಕ್ಕೆ ಉಸಿರು ಬರುತ್ತದೆ. ಹಳೇ ಶತ್ರುವಿಗೂ ಪೆಟ್ಟು ಬೀಳುತ್ತದೆ. ಮದಕರಿ ನಾಯಕರು ಆ ಯುವಕನನ್ನು ಹೈದರನ ಮುಂದೆ ನಿಲ್ಲಿಸಿದರು.

ಹೈದರ್ ನಂಬಿದನಾ?

ಅವನಿಗೆ ನಂಬುವ ಅಗತ್ಯವೇ ಇರಲಿಲ್ಲ. ಬಿದನೂರು ಆಗ ತುಂಬಿದ ಕಣಜ. ಕರಾವಳಿಯ ಬಂದರುಗಳು, ಅಕ್ಕಿ, ಮೆಣಸು, ತಲೆತಲಾಂತರದ ಖಜಾನೆ ಎಲ್ಲ ಅಲ್ಲಿದ್ದವು. ಸುತ್ತ ಕಾಡು ಮತ್ತು ಬೆಟ್ಟ, ಹೊರಗಿನ ದಂಡು ನುಗ್ಗುವುದು ಕಷ್ಟ. ಅಲ್ಲಿಗೆ ಹೋಗಲು ಒಂದು ಕಾರಣ ಬೇಕಿತ್ತು. ಆ ಕಾರಣ ತಾನಾಗಿಯೇ ಕಾಲಿನ ಮೇಲೆ ನಡೆದು ಬಂತು.

1763ರ ಜನವರಿಯಲ್ಲಿ ದಂಡು ಹೊರಟಿತು. ಮುಂದೆ ‘ದೊರೆ’, ಜೊತೆಗೆ ದುರ್ಗದ ಪಡೆ. ಶಿವಮೊಗ್ಗ ಸುಲಭವಾಗಿ ಸಿಕ್ಕಿತು. ವೀರಮ್ಮಾಜಿಯ ಕಡೆಯವರು ಹಣ ಕೊಡುತ್ತೇವೆ, ಹಿಂದೆ ಹೋಗಿ ಎಂದು ಬಂದರು. ದಂಡು ಮುಂದೆ ಸರಿದಂತೆ ಮೊತ್ತ ಏರುತ್ತ ಹೋಯಿತು. ಹೈದರ್ ನಿಲ್ಲಲಿಲ್ಲ.

ಕುಂಸಿಯಲ್ಲಿ ಕಥೆ ತಿರುಗಿತು. ಬಿದನೂರಿನ ಹಳೆಯ ಮಂತ್ರಿ ಲಿಂಗಣ್ಣ ಅಲ್ಲಿ ಸೆರೆಯಲ್ಲಿದ್ದ. ಬಿಡುಗಡೆಯಾದವನು ರಾಜಧಾನಿಗೆ ಹೋಗುವ ಒಂದು ಗುಪ್ತ ದಾರಿ ತೋರಿಸಿದ. ಮಾರ್ಚ್ ತಿಂಗಳಲ್ಲಿ ಎಲ್ಲರ ಗಮನ ಮುಂಬಾಗಿಲಿನ ಮೇಲಿದ್ದಾಗ ಹೈದರನ ಪಡೆ ಆ ದಾರಿಯಿಂದ ಒಳಗೆ ಬಂತು. ಜನ ಕಾಡಿಗೆ ಓಡಿದರು. ವೀರಮ್ಮಾಜಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನದುರ್ಗದ ಕಡೆ ಹೋದಳು. ಹೈದರ್ ಬೆಂಕಿ ಆರಿಸಿ ಖಜಾನೆ ಉಳಿಸಿಕೊಂಡ.

ಈ ಗುಪ್ತ ದಾರಿಯ ಮಾತು ಬಂದಾಗಲೆಲ್ಲ ನಮ್ಮ ಕಿಂಡಿ ನೆನಪಾಗುತ್ತದೆ. ದುರ್ಗದ ಕಿಂಡಿಯ ಬಾಯಲ್ಲಿ ಒನಕೆ ಹಿಡಿದ ಓಬವ್ವ ನಿಂತಿದ್ದಳು. ಬಿದನೂರಿನ ದಾರಿಯಲ್ಲಿ ಹಾಗೆ ನಿಲ್ಲುವವರು ಯಾರೂ ಇರಲಿಲ್ಲ.

ಗೆದ್ದ ಮೇಲೆ ಆ ಯುವಕನಿಗೆ ಪಟ್ಟ ಕಟ್ಟಿದರಾ?

ಇಲ್ಲ. ಯಾವ ಹುಡುಗನ ಹಕ್ಕು ಕೊಡಿಸಲು ದಂಡು ಬಂದಿತ್ತೋ ಅವನನ್ನು ಗದ್ದುಗೆಯ ಹತ್ತಿರವೂ ಬಿಡಲಿಲ್ಲ. ಬಿದನೂರಿಗೆ ಹೈದರ್‌ನಗರ ಎಂದು ಹೆಸರಿಟ್ಟರು. ಅದೇ ಸವೆದು ಇವತ್ತಿನ ನಗರ ಆಗಿದೆ. ಹೈದರ್ ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿದ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಅವನೇ ಹೇಳುತ್ತಿದ್ದ ಎಂದು ವಿಲ್ಕ್ಸ್ ಬರೆದಿದ್ದಾನೆ.

ಸೈನಿಕರು ಆ ಯುವಕನಿಗೆ ‘ಗೈಬು ರಾಜ’ ಎಂದು ಅಡ್ಡಹೆಸರು ಇಟ್ಟಿದ್ದರು. ನಾವು ‘ಗಾಯಬ್ ಆದ’ ಅಂತೀವಲ್ಲ, ಅದೇ ಬೇರಿನ ಮಾತು. ಮಾಯವಾಗಿ ಮತ್ತೆ ಕಾಣಿಸಿಕೊಂಡ ರಾಜ ಎನ್ನುವ ಗೇಲಿ. ತನ್ನ ಮುಂದೆ ನಡೆಯುವ ಸೈನಿಕರೇ ಹೀಗೆ ನಗುತ್ತಿದ್ದರೆ ಆ ಹುಡುಗನಿಗೆ ಹೇಗಾಗಿರಬೇಕು? ನಿಜವಾದವನೋ ಸುಳ್ಳು ವೇಷದವನೋ, ನನಗೆ ಅವನ ಬಗ್ಗೆ ಬೇಜಾರಾಗುತ್ತದೆ.

ಕೊನೆಗೆ ಅವನನ್ನೂ ಮಧುಗಿರಿ ಬೆಟ್ಟದ ಕೋಟೆಗೆ ಸೆರೆ ಕಳಿಸಿದರು. ವೀರಮ್ಮಾಜಿ ಮತ್ತು ಆಕೆಯ ದತ್ತುಮಗ ಸೋಮಶೇಖರನನ್ನೂ ಅಲ್ಲಿಗೇ ಕಳಿಸಿದರು. ಕೊಲೆ ಮಾಡಿಸಿದಳು ಎಂದು ಯಾರ ಮೇಲೆ ಆರೋಪವೋ ಅವಳು, ಕೊಲೆಯಾದವನೇ ನಾನು ಎಂದವನು, ಅವನ ಜಾಗಕ್ಕೆ ಬಂದವನು. ಮೂವರೂ ಒಂದೇ ಬಂಡೆಯ ಮೇಲೆ.

ಹಾಗಾದರೆ ಅವನು ನಿಜವಾಗಿ ಚೆನ್ನಬಸಪ್ಪನೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ನನ್ನ ಮನಸ್ಸು ‘ಅಲ್ಲ’ ಎನ್ನುವ ಕಡೆಗೇ ವಾಲುತ್ತದೆ. ಯಾಕೆ ಎಂದು ಹೇಳುತ್ತೇನೆ.

ಕೆಳದಿಯವರು ವೀರಶೈವರು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಸಾವಾದರೆ ಏನು ಮಾಡುತ್ತಾರೆ ಎಂದು ನಿಮಗೆ ಗೊತ್ತು. ಸುಡುವುದಿಲ್ಲ. ಕೂರಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಮುಖ ಕಾಣುವಂತೆ ವಿಮಾನದಲ್ಲಿ ಮೆರವಣಿಗೆ ಮಾಡುತ್ತಾರೆ, ಸಮಾಧಿ ಮಾಡುತ್ತಾರೆ. ಸತ್ತವನು ದೊರೆ. ಮಠದ ಅಯ್ಯನವರು ಬರಬೇಕು, ದಾಯಾದಿಗಳು ಬರಬೇಕು, ಊರು ನೋಡಬೇಕು. ದೇಹವೇ ಇಲ್ಲದೆ ಇಷ್ಟನ್ನು ಮುಗಿಸುವುದು ಹೇಗೆ? ಜಟ್ಟಿ ‘ಕೊಂದೆ’ ಎಂದು ಬಾಯಲ್ಲಿ ಹೇಳಿದರೆ ಸಾಕಾಗುವುದಿಲ್ಲ.

ಇದಕ್ಕೆ ದಾವಣಗೆರೆಯ ನನ್ನ ಗೆಳೆಯರೊಬ್ಬರು ಒಳ್ಳೆಯ ಎದುರುಮಾತು ಹೇಳಿದರು. ‘ಕದ್ದು ಕೊಲ್ಲಿಸಿದವರು ಮೆರವಣಿಗೆ ಮಾಡ್ತಾರಾ? ಏನೋ ರೋಗ ಅಂತ ಹೇಳಿ ರಾತ್ರೋರಾತ್ರಿ ಮುಗಿಸಿರ್ತಾರೆ. ಹಾಗೆ ಅವಸರ ಮಾಡಿದ್ದಕ್ಕೇ ಜನಕ್ಕೆ ಅನುಮಾನ ಉಳಿಯಿತು’ ಎಂದರು. ಈ ಮಾತನ್ನು ತಳ್ಳಿಹಾಕಲು ನನಗೆ ಆಗಿಲ್ಲ.

ಇನ್ನೊಂದು ವಿಷಯವಿದೆ. ಬಿದನೂರು ಗೆದ್ದ ದಿನ ಆ ಊರಿನಲ್ಲಿ ಹುಡುಗನನ್ನು ಬಲ್ಲವರು ಎಷ್ಟೋ ಜನ ಇದ್ದರು. ಐದಾರು ವರ್ಷದ ಹಿಂದೆ ಊಟ ಬಡಿಸಿದವರು, ಕುದುರೆ ಹತ್ತಿಸಿದವರು, ಓದು ಕಲಿಸಿದವರು ಇದ್ದರು. ಕೆನ್ನೆಯ ಮಚ್ಚೆ, ಕೈಯ ಗಾಯದ ಗುರುತು ಹೇಳುವವರು ಇದ್ದೇ ಇರುತ್ತಾರೆ. ಅವರ ಮುಂದೆ ನಿಲ್ಲಿಸಿ ‘ಇವನೇನಾ?’ ಎಂದು ಕೇಳಿದ್ದರೆ ಒಂದು ದಿನದಲ್ಲಿ ಗೊತ್ತಾಗುತ್ತಿತ್ತು. ಹಾಗೆ ಕೇಳಿದ ಪ್ರಸಂಗ ಈ ಕಥೆಯಲ್ಲಿ ಬರುವುದೇ ಇಲ್ಲ. ಅವನು ನಿಜವಾದವನಾದರೆ ಹೈದರನಿಗೆ ಅಪಾಯ. ಸುಳ್ಳಾದರೆ ಕೆಲಸ ಮುಗಿದ ಮೇಲೆ ಬೇಡದವನು. ಎರಡಕ್ಕೂ ಉತ್ತರ ಮಧುಗಿರಿಯೇ. ನನ್ನನ್ನು ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಒಂದು ರಾಜ್ಯವೇ ಅವನ ಹೆಸರಿನಲ್ಲಿ ಕೈ ಬದಲಾಯಿತು. ಅವನು ಯಾರು ಎನ್ನುವುದು ಯಾರಿಗೂ ಬೇಕಾಗಿರಲಿಲ್ಲ.

ಸತ್ತವರು ವಾಪಸ್ ಬಂದ ಇಂಥ ಕಥೆ ಬೇರೆ ಕಡೆಯೂ ಇದೆಯಾ?

ಇದೆ, ಅದೂ ಅದೇ ಕಾಲದಲ್ಲಿ. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರ ಸೇನಾಪತಿ ಸದಾಶಿವರಾವ್ ಭಾವೂ ಮಡಿದ. ಸ್ವಲ್ಪ ವರ್ಷಕ್ಕೆ ‘ನಾನೇ ಭಾವೂ’ ಎಂದು ಒಬ್ಬ ಎದ್ದುಬಂದ. ಆದರೆ ಪುಣೆಯಲ್ಲಿ ಅವನನ್ನು ವಿಚಾರಣೆಗೆ ನಿಲ್ಲಿಸಿದರು. ಸುಳ್ಳು ಎಂದು ತೀರ್ಮಾನಿಸಿ ಸೆರೆಗೆ ಹಾಕಿದರು. ತಪ್ಪಿಸಿಕೊಂಡು ಮತ್ತೆ ದಂಡು ಕಟ್ಟಿದ, 1776ರಲ್ಲಿ ಕೊಂದರು. ರಷ್ಯಾದಲ್ಲಿ ಮೂರನೇ ಪೀಟರ್ 1762ರಲ್ಲಿ ಆರೇ ತಿಂಗಳು ಆಳಿದ. ಹೆಂಡತಿ ಕ್ಯಾಥರೀನ್ ಅವನನ್ನು ಇಳಿಸಿದಳು, ಕೆಲವೇ ದಿನದಲ್ಲಿ ಸೆರೆಯಲ್ಲಿ ಸತ್ತ. ಹೊಟ್ಟೆನೋವು ಎಂದು ಸಾರಿದರು, ಯಾರೂ ನಂಬಲಿಲ್ಲ. 1773ರಲ್ಲಿ ಪುಗಚೋವ್ ಎಂಬವನು ‘ನಾನೇ ಪೀಟರ್’ ಎಂದು ಎದ್ದಾಗ ಸಾವಿರಾರು ರೈತರು ಹಿಂದೆ ಹೋದರು. ಫೋಟೋ ಇಲ್ಲದ ಕಾಲ. ದೊರೆಯ ಮುಖ ಜನಕ್ಕೆ ಗೊತ್ತಿರುತ್ತಿರಲಿಲ್ಲ, ಹೆಸರು ಮಾತ್ರ ಗೊತ್ತು.

ವೀರಮ್ಮಾಜಿ ಮುಂದೆ ಏನಾದಳು?

ನಾಲ್ಕು ವರ್ಷ ಮಧುಗಿರಿಯಲ್ಲಿದ್ದಳು. 1767ರಲ್ಲಿ ಪೇಶ್ವೆ ಮಾಧವರಾಯ ಆ ಕೋಟೆ ಗೆದ್ದು ಬಿಡಿಸಿದ. ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು. ಬಿದನೂರನ್ನು ಮತ್ತೆ ನೋಡಲಿಲ್ಲ.

ಇದಕ್ಕೂ 1779ರಲ್ಲಿ ದುರ್ಗ ಬಿದ್ದದ್ದಕ್ಕೂ ಏನು ಸಂಬಂಧ?

ನೇರ ಸಂಬಂಧ. ಬಿದನೂರಿನ ಖಜಾನೆ ಸಿಗುವವರೆಗೆ ಹೈದರ್ ಹಲವರಲ್ಲಿ ಒಬ್ಬ. ಸಿಕ್ಕಿದ ಮೇಲೆ ಅವನಿಗೆ ಸಮನಾಗಿ ನಿಲ್ಲುವ ಪಾಳೆಗಾರರು ಈ ಸೀಮೆಯಲ್ಲಿ ಉಳಿಯಲಿಲ್ಲ. ಮದಕರಿ ನಾಯಕರು ಮುಂದೆಯೂ ಅವನ ಯುದ್ಧಗಳಲ್ಲಿ ಪಡೆಯೊಂದಿಗೆ ಹೋದರು, ಹೆಸರು ಮಾಡಿದರು. 1777ರಲ್ಲಿ ಮರಾಠರು ಮತ್ತು ನಿಜಾಮರು ಮೈಸೂರಿನ ಮೇಲೆ ಬಂದಾಗ ಮಾತ್ರ ಹೈದರನ ಜೊತೆ ನಿಲ್ಲಲಿಲ್ಲ. ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕೂತರೂ ಏಳು ಸುತ್ತಿನ ಕೋಟೆ ಬಗ್ಗಲಿಲ್ಲ. ಮರಾಠರ ದಂಡು ಹತ್ತಿರ ಬಂದಾಗ ದೊಡ್ಡ ಮೊತ್ತದ ಒಪ್ಪಂದ ಮಾಡಿಕೊಂಡು ಎದ್ದುಹೋದ, ಆಮೇಲೆ ಮತ್ತೆ ಬಂದ. 1779ರಲ್ಲಿ ಕೋಟೆ ಬಿದ್ದದ್ದು ಒಳಗಿನವರ ದ್ರೋಹದಿಂದ. ಮದಕರಿ ನಾಯಕರನ್ನೂ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ದುರ್ಗದ ಸೀಮೆಯ ಬೇಡರನ್ನು ಸಾವಿರಗಟ್ಟಲೆ ಎಬ್ಬಿಸಿಕೊಂಡು ಹೋದರು. ನಾಯಕರು ಸೆರೆಯಲ್ಲೇ ಕಣ್ಣು ಮುಚ್ಚಿದರು.

ಹೈದರನಿಗೆ ಬಿದನೂರಿನ ದಾರಿ ತೆರೆದದ್ದು ಮದಕರಿ ನಾಯಕರೇ ಎಂದು ಹೇಳಿದರೆ ಕೆಲವರಿಗೆ ನೋವಾಗುತ್ತದೆ. ನನಗೂ ಅವರ ಮೇಲೆ ಅಷ್ಟೇ ಪ್ರೀತಿ. ಆ ಯುವಕ ಮೊರೆಯಿಟ್ಟು ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಬಾಗಿಲಲ್ಲಿ ಹೈದರ್, ಬೆನ್ನಿಗೆ ಮಾಯಕೊಂಡದ ನೆನಪು. ಅವರ ಜಾಗದಲ್ಲಿ ನಿಂತು ನೋಡಿದರೆ ಬೇರೆ ದಾರಿ ನನಗೂ ಸುಲಭಕ್ಕೆ ಕಾಣುವುದಿಲ್ಲ.

ಈ ಜಾಗಗಳನ್ನು ನೋಡಬೇಕು ಅಂದರೆ?

ದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ದಾಟಿ ಶಿವಮೊಗ್ಗಕ್ಕೆ ಬಸ್ಸಿದೆ. ಶಿವಮೊಗ್ಗದಿಂದ ತಾಳಗುಪ್ಪದ ರೈಲು ಹತ್ತಿದರೆ ಕುಂಸಿ ಬರುತ್ತದೆ. ಲಿಂಗಣ್ಣ ಸೆರೆಯಿದ್ದ ಊರು ಎಂದು ಕಿಟಕಿಯಿಂದ ಒಂದು ಸಲ ನೋಡಿ. ನಗರದ ಕೋಟೆ ಹೊಸನಗರ ತಾಲೂಕಿನಲ್ಲಿದೆ, ಹತ್ತಿರದಲ್ಲೇ ದೇವಗಂಗೆಯ ಕೊಳಗಳಿವೆ. ಮಳೆ ನಿಂತ ಮೇಲೆ ಹೋಗುವುದು ಒಳ್ಳೆಯದು. ಮಾಯಕೊಂಡಕ್ಕೆ ದಾವಣಗೆರೆಯಿಂದ ಹೋಗಿ ಅದೇ ದಿನ ವಾಪಸ್ ಬರಬಹುದು. ಮಧುಗಿರಿಯ ಬಂಡೆ ಹತ್ತುವುದು ಸುಲಭವಲ್ಲ. ಚಪ್ಪಲಿಯಲ್ಲಿ ಹೋಗಬೇಡಿ, ನೀರು ಇಟ್ಟುಕೊಳ್ಳಿ, ಬಿಸಿಲೇರುವ ಮೊದಲೇ ಹತ್ತಿ.

ಆ ಜಟ್ಟಿಯ ಹೆಸರೇನು?

ಇದನ್ನು ಕೇಳಿದ್ದು ನನ್ನ ತಂಗಿಯ ಮಗಳು. ಏಳನೇ ಕ್ಲಾಸು. ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ‘ಮಾವ, ಆ ಹುಡುಗ ಬದುಕಿದ್ನಾ ಇಲ್ವಾ ಅಂತ ಜಟ್ಟಿಗೆ ಗೊತ್ತಿತ್ತಲ್ವಾ? ಅವನನ್ನೇ ಕರೆದು ಕೇಳ್ಬೋದಿತ್ತಲ್ಲ?’ ಎಂದಳು.

ಕಥೆಯಲ್ಲಿ ಅವನಿಗೆ ಹೆಸರಿಲ್ಲಮ್ಮ ಎಂದೆ. ಅವನು ಕೊಂದ ಎನ್ನುವವರೂ, ಉಳಿಸಿದ ಎನ್ನುವವರೂ, ಇಬ್ಬರೂ ಅವನನ್ನು ಬರೀ ಜಟ್ಟಿ ಎಂದೇ ಕರೆದರು. ಅವನನ್ನು ಕರೆಸಿ ಯಾರೂ ಕೇಳಲಿಲ್ಲ.